ಕಾರಿನ ವಿನ್ಯಾಸಕ್ಕೂ ಕಂಪ್ಯೂಟರಿಗೂ ಏನು ಸಂಬಂಧ?

ಸಂಬಂಧ ಹಳೆಯದು, ನಿಮ್ಮ ಕಣ್ಣೆದುರೇ ಇದೆ. 1959ರ ಸುಮಾರಿಗೆ ಫ್ರಾನ್ಸಿನ ಸಿಟ್ರೋಯೆನ್ ಕಂಪನಿಯಲ್ಲಿದ್ದ ಪಾಲ್ ದ ಕಾಸ್ತೆಲ್ಜೋ, ಕಾರಿನ ಮೈಯ ಬಾಗುಗಳನ್ನು ಲೆಕ್ಕದಲ್ಲಿ ಹಿಡಿಯುವ ದಾರಿ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ಆಮೇಲೆ ರೆನೋ ಕಂಪನಿಯ ಪಿಯರ್ ಬೆಜಿಯೆ ಅಂಥದ್ದೇ ವಿಧಾನ ಪ್ರಕಟಿಸಿದರು, ಆ ಬಾಗು ಗೆರೆಗೆ ‘ಬೆಜಿಯೆ ಕರ್ವ್’ ಅಂತ ಹೆಸರೂ ಅವರದ್ದೇ ಉಳಿಯಿತು. ಪಾಪ, ಮೊದಲಿನವರು!

ಇಂಥ ಒಂದು ಬಾಗು ಗೆರೆಗೆ ನಾಲ್ಕು ಬಿಂದು ಸಾಕು. ಎರಡು ಬಿಂದುಗಳು ಗೆರೆಯ ತುದಿಗಳಲ್ಲಿ ಕೂರುತ್ತವೆ, ಉಳಿದೆರಡು ಗೆರೆಯನ್ನು ತಮ್ಮತ್ತ ಎಳೆಯುತ್ತವೆ. ಡ್ರಾಯಿಂಗ್ ಸಾಫ್ಟ್‌ವೇರಿನ ಪೆನ್ ಟೂಲಿನಲ್ಲಿ ಗೆರೆ ಬಾಗಿಸುವ ಹ್ಯಾಂಡಲ್ ಎಳೆದಾಗ ಆಗುವುದು ಇದೇ. ನೀವೀಗ ಓದುತ್ತಿರುವ ಅಕ್ಷರಗಳ ಸುತ್ತುಗಳೂ ಇಂಥ ಗೆರೆಗಳೇ.

ಇನ್ನು ಹವ್ಯಾಸದ ವಿಷಯ. ಇಂಜಿನ್ ಟ್ಯೂನ್ ಮಾಡುವವರಿಗೂ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವವರಿಗೂ (ಅಂದರೆ ಅದನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವವರಿಗೂ) ತಲೆನೋವು ಒಂದೇ ಅಲ್ವಾ? ವೇಗ ಏರಿಸಿದಷ್ಟೂ ಬಿಸಿ ಜಾಸ್ತಿ. ಅದಕ್ಕೇ ವಾಟರ್ ಕೂಲಿಂಗ್ ಹಾಕಿದ ಪಿಸಿಯೊಳಗೂ ಪಂಪು, ರೇಡಿಯೇಟರ್ ಕಾಣುತ್ತವೆ.