ರೋಬೋಟ್‌ನ ಹಗುರ ಪುಲ್ಲಿಗಳಿಂದ ಬೆಲ್ಟ್ ಪಕ್ಕಕ್ಕೆ ಸರಿದು ಕಳಚುತ್ತಿದೆ, ಇನ್ನೂ ಬಿಗಿ ಮಾಡಬೇಕಾ?

ದಯವಿಟ್ಟು ಬಿಗಿ ಮಾಡಬೇಡಿ. ತೂಕ ಇಳಿಸಲು ತ್ರೀಡಿ ಪ್ರಿಂಟ್ ಪುಲ್ಲಿ ಹಾಕಿ, ಫ್ಲ್ಯಾಂಜ್ (ಬೆಲ್ಟ್ ಜಾರದಂತೆ ಪುಲ್ಲಿಯ ಬದಿಯಲ್ಲಿರುವ ಅಂಚುತಟ್ಟೆ) ಕೂಡ ತೆಗೆದಿದ್ದೇವೆ ಅಂದಿದ್ದೀರಿ. ಚಕ್ರದ ಶಾಫ್ಟ್‌ಗೆ, ಅಂದರೆ ಅದು ತಿರುಗುವ ದಂಡಕ್ಕೆ, ಒಂದೇ ಕಡೆ ಆಸರೆ ಇದೆ ಅಂತಲೂ ಬರೆದಿದ್ದೀರಿ. ನನಗೆ ಅನುಮಾನ ಇರುವುದು ಆ ಶಾಫ್ಟ್ ಮೇಲೆ.

ನಮ್ಮ ತಂಡಕ್ಕೂ ಹೀಗೇ ಆಗಿತ್ತು. ಬೆಲ್ಟ್ ಸರಿದಾಗಲೆಲ್ಲ ಬಿಗಿ ಮಾಡಿದೆವು, ಅದು ಇನ್ನೂ ಬೇಗ ಕಳಚಿತು. ಒಂದೇ ತುದಿಯಲ್ಲಿ ಹಿಡಿದ ಶಾಫ್ಟನ್ನು ಬೆಲ್ಟ್ ಎಳೆದು ಬಗ್ಗಿಸುತ್ತದೆ. ಆಗ ಎರಡು ಶಾಫ್ಟ್‌ಗಳ ಅಂತರ ಹೊರತುದಿಯಲ್ಲಿ ಕಡಿಮೆಯಾಗುತ್ತದೆ. ಹಲ್ಲಿನ ಬೆಲ್ಟ್ ಸಾಮಾನ್ಯವಾಗಿ ಎಳೆತ ಕಡಿಮೆ ಇರುವ ಕಡೆಗೇ ಜಾರುತ್ತದೆ. ಅಂದರೆ ಹೊರಕ್ಕೆ! ಬಿಗಿ ಜಾಸ್ತಿಯಾದಷ್ಟೂ ದಾರಿ ಸಲೀಸು, ಅಲ್ವಾ?

ಹೊರಗಡೆಯೂ ಒಂದು ಪ್ಲೇಟ್ ಕೂರಿಸಿ, ಅದರಲ್ಲಿ ಎರಡನೇ ಬೇರಿಂಗ್ ಹಾಕಿ. ಫ್ಲ್ಯಾಂಜ್ ತೆಗೆದು ಉಳಿಸಿದ ತೂಕವನ್ನು ಇಲ್ಲಿ ಖರ್ಚು ಮಾಡಿದರೂ ನಷ್ಟವಿಲ್ಲ. ಆಮೇಲೆ ಬೆಲ್ಟ್ ಬಿಗಿಯಾಗಿರುವಾಗಲೇ ಶಾಫ್ಟ್‌ಗಳ ಅಂತರವನ್ನು ಎರಡೂ ತುದಿಯಲ್ಲಿ ಕ್ಯಾಲಿಪರ್‌ನಿಂದ ಅಳೆಯಿರಿ. ಬೆಲ್ಟ್ ಬಿಚ್ಚಿ ಅಳೆದರೆ ಬಾಗು ಕಾಣುವುದಿಲ್ಲ, ನಾವು ಮೋಸ ಹೋಗಿದ್ದು ಅಲ್ಲೇ. ಪುಲ್ಲಿಗಳು ಒಂದೇ ಗೆರೆಯಲ್ಲಿವೆಯಾ ಅಂತ ನೇರವಾದ ಸ್ಕೇಲ್ ಇಟ್ಟು ನೋಡಿ, ಸ್ಪೇಸರ್‌ನಿಂದ (ಶಾಫ್ಟ್‌ಗೆ ಹಾಕುವ ಅಂತರದ ಬಳೆ) ಸರಿಪಡಿಸಿ.

ಇಷ್ಟಾದರೂ ಫ್ಲ್ಯಾಂಜ್ ಬೇಕೇ ಬೇಕು. ಶಾಫ್ಟ್‌ಗಳು ಎಷ್ಟೇ ಸಮಾನಾಂತರ ಇದ್ದರೂ ಬೆಲ್ಟ್ ಒಳಗಿನ ಎಳೆಗಳ ಹೆಣಿಗೆಯಿಂದಲೇ ಅದು ಸ್ವಲ್ಪ ಒಂದು ಕಡೆಗೆ ಸರಿಯುತ್ತದೆ. ಎರಡೇ ಪುಲ್ಲಿ ಇದ್ದರೆ ಒಂದಕ್ಕೆ ಎರಡೂ ಬದಿ ಫ್ಲ್ಯಾಂಜ್ ಸಾಕು. ಚಿಕ್ಕದಕ್ಕೆ ಹಾಕಿದರೆ ತೂಕವೂ ಕಡಿಮೆ. ಆದರೆ ಶಾಫ್ಟ್‌ಗಳ ಅಂತರ ಚಿಕ್ಕ ಪುಲ್ಲಿಯ ವ್ಯಾಸದ 8 ಪಟ್ಟಿಗಿಂತ ಜಾಸ್ತಿ ಇದ್ದರೆ ಎರಡಕ್ಕೂ ಹಾಕಿ. ಫ್ಲ್ಯಾಂಜ್‌ನ ಒಳಮೈ ಸ್ವಲ್ಪ ಹೊರಕ್ಕೆ ಇಳಿಜಾರಾಗಿರಲಿ, ಇಲ್ಲದಿದ್ದರೆ ಅಂಚು ಉಜ್ಜಿ ಬೆಲ್ಟ್ ಸವೆಯುತ್ತದೆ. ಪುಲ್ಲಿಯ ನಡುಭಾಗ ಉಬ್ಬಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಚಪ್ಪಟೆ ಬೆಲ್ಟಿನ ಉಪಾಯ, ಹಲ್ಲಿನದಕ್ಕೆ ಆಗುವುದಿಲ್ಲ.

ಬಿಗಿ ಎಷ್ಟಿರಬೇಕು ಅನ್ನುವುದನ್ನು ಅಂದಾಜಿಗೆ ಬಿಡದೆ ಅಂತರವನ್ನೇ ಲೆಕ್ಕ ಹಾಕಿ. ಎರಡೂ ಪುಲ್ಲಿ ಸಮ ಇದ್ದರೆ ಸುಲಭ: ಬೆಲ್ಟಿನ ಹಲ್ಲುಗಳಿಂದ ಒಂದು ಪುಲ್ಲಿಯ ಹಲ್ಲು ಕಳೆದು, ಪಿಚ್‌ನಿಂದ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ) ಗುಣಿಸಿ, ಅರ್ಧ ಮಾಡಿ. 5 ಮಿ.ಮೀ. ಪಿಚ್‌ನ 100 ಹಲ್ಲಿನ ಬೆಲ್ಟ್, 24 ಹಲ್ಲಿನ ಪುಲ್ಲಿಗಳಾದರೆ 190 ಮಿ.ಮೀ. ರಂಧ್ರಗಳನ್ನು ಅಲ್ಲಿಗೇ ಕೊರೆಯಿರಿ.

ಇನ್ನೂ ಸರಿದರೆ ಬೆಲ್ಟಿನ ಯಾವ ಅಂಚು ಸವೆದಿದೆ ಅಂತ ಫೋಟೋ ಹಾಕಿ, ನೋಡಿ ಹೇಳುತ್ತೇನೆ.