ಗೇಮ್‌ಗಳಲ್ಲಿ ನಿಧಿ ಪೆಟ್ಟಿಗೆನೇ ರಾಕ್ಷಸ ಆಗಿರತ್ತಲ್ಲ, ಈ ಐಡಿಯಾ ಎಲ್ಲಿಂದ ಬಂತು?

ಅದರ ಹೆಸರು ಮಿಮಿಕ್. ಈಗ ನಾವು ನೋಡೋ ರೂಪ ಬಂದಿದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಟೇಬಲ್ ಸುತ್ತ ಕೂತು ಕಥೆ ಹೇಳ್ತಾ ಆಡೋ ಆಟದಿಂದ, 1977ರಲ್ಲಿ ಬಂದ ಅದರ ರಾಕ್ಷಸರ ಪುಸ್ತಕ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಇದನ್ನ ಹಾಕಿದ್ರು. ಕಲ್ಲು, ಮರದ ಥರ ವೇಷ ಹಾಕ್ಕೊಂಡು ಪೆಟ್ಟಿಗೆನೋ ಬಾಗಿಲೋ ಆಗಿ ಸುಮ್ನೆ ಕೂತಿರತ್ತೆ, ಮುಟ್ಟಿದ್ರೆ ಮೈಯಿಂದ ಬರೋ ಅಂಟಿಗೆ ಕೈ ಹಿಡ್ಕೊಳತ್ತೆ, ಆಮೇಲೆ ಹೊಡೆಯತ್ತೆ. ಇನ್ನೊಂದು ಜಾತಿ ಮಾತಾಡತ್ತೆ ಕೂಡ, ಊಟ ಕೊಟ್ರೆ ಸ್ನೇಹವಾಗಿರತ್ತೆ, ನಂಗೆ ಇದೇ ಜಾಸ್ತಿ ಇಷ್ಟ.

ವೇಷದ ರಾಕ್ಷಸ ನಮಗೇನೂ ಹೊಸದಲ್ಲ, ಕೃಷ್ಣನ ಕಥೇಲಿ ಶಕಟಾಸುರ ಬಂಡಿ ರೂಪದಲ್ಲಿ ಬರ್ತಾನಲ್ಲ. ಆದ್ರೆ ಅವನು ಒಬ್ಬನನ್ನೇ ಕೊಲ್ಲೋಕೆ ಬಂದವನು, ಮಿಮಿಕ್‌ಗೆ ಯಾರಾದ್ರೂ ಸರಿ, ಅದು ನಮ್ಮ ಆಸೆನ ನಂಬ್ಕೊಂಡು ಕಾಯತ್ತೆ.

ಪುಣೆಲಿ ಕೊಥ್ರೂಡ್‌ನ ಫ್ರೆಂಡ್ ರೂಮಲ್ಲಿ ನಾವು ನಾಲ್ಕು ಜನ ಕನ್ನಡದವರು ಭಾನುವಾರ ಇದೇ ಆಟ ಆಡ್ತೀವಿ, ಒಂದ್ಸಲ ಮಿಮಿಕ್ ಸಿಕ್ಕಿದ್ದಷ್ಟೇ, ಆಮೇಲೆ ಪ್ರತಿ ಕುರ್ಚಿ, ಪ್ರತಿ ಬಾಗಿಲನ್ನೂ ಮೊದಲು ಕೋಲಲ್ಲಿ ತಿವಿದು ನೋಡೋದು ಶುರುವಾಯ್ತು, ಒಂದು ಖಾಲಿ ಕೋಣೆ ದಾಟೋಕೆ ಅರ್ಧ ಗಂಟೆ! ಹಾಗಾಗಿ ಕಥೆ ಬರೆಯೋರು ಇದನ್ನ ಅಪರೂಪಕ್ಕೆ ಬಳಸಿ, ಜೊತೆಗೆ ಸಣ್ಣ ಸುಳಿವು ಬಿಡಿ. 2011ರ ವಿಡಿಯೋ ಗೇಮ್ ಡಾರ್ಕ್ ಸೋಲ್ಸ್‌ನಲ್ಲಿ ಪೆಟ್ಟಿಗೆ ಪಕ್ಕದ ಸರಪಳಿ ಬಿದ್ದಿರೋ ರೀತಿ ನೋಡಿದ್ರೇನೇ ಅದು ಮಿಮಿಕ್ ಅಂತ ಗೊತ್ತಾಗತ್ತೆ.