ಓದುಗರ ಪ್ರಶ್ನೆ: ‘ಆಗದು’ ಎನ್ನಬಲ್ಲ ಪರ್ಮಿಟ್ ಬೇಕು

ಪ್ರಶ್ನೆ: ನಮ್ಮದು ರಾಸಾಯನಿಕ ಕಾರ್ಖಾನೆ, ಶಿಫ್ಟಿಗೆ ಅರವತ್ತು ಜನ. ಮೂರು ಪ್ರತಿಯ ಪರ್ಮಿಟ್ (ಅಪಾಯದ ಕೆಲಸಕ್ಕೆ ಮುಂಚೆ ಬರೆದುಕೊಡುವ ಅನುಮತಿ) ಪುಸ್ತಕ ಬಿಟ್ಟು ಸುರಕ್ಷತಾ ಸಾಫ್ಟ್‌ವೇರ್ ಕೊಳ್ಳಲು ಆಡಳಿತ ಒಪ್ಪಿದೆ. ಡೆಮೊ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಆರಿಸುವುದು ಹೇಗೆ? (ಬೀದರ್)

ಉತ್ತರ: ಬಣ್ಣಬಣ್ಣದ ಗ್ರಾಫು, ತಿಂಗಳ ವರದಿ ಪಕ್ಕಕ್ಕಿರಲಿ. ಸಾಫ್ಟ್‌ವೇರ್ ಯಾವ ಯಾವ ಸಂದರ್ಭದಲ್ಲಿ ‘ಆಗದು’ ಎನ್ನುತ್ತದೆ, ಅಷ್ಟನ್ನು ಪರೀಕ್ಷಿಸಿ.

ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರ ರಾತ್ರಿ 167 ಜನ ಸತ್ತರು. ಅಲ್ಲಿ ಪರ್ಮಿಟ್ ಪದ್ಧತಿ ಇತ್ತು. ಹಗಲು ಪಾಳಿಯವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಆ ಜಾಗಕ್ಕೆ ಬ್ಲೈಂಡ್ ಫ್ಲಾಂಜ್ (ಪೈಪಿನ ಬಾಯಿ ಮುಚ್ಚುವ ಲೋಹದ ತಟ್ಟೆ) ಹಾಕಿ ಹೋಗಿದ್ದರು. ರಾತ್ರಿ ಇನ್ನೊಂದು ಪಂಪ್ ನಿಂತಿತು. ಕಂಟ್ರೋಲ್ ರೂಮಿನವರ ಕೈಗೆ ಸಿಕ್ಕಿದ್ದು ಮೊದಲ ಪಂಪಿನ ರಿಪೇರಿ ಪರ್ಮಿಟ್ ಮಾತ್ರ. ಆ ಕೆಲಸವಿನ್ನೂ ಶುರುವಾಗಿರಲಿಲ್ಲ. ವಾಲ್ವಿನ ಪರ್ಮಿಟ್ ಬೇರೆಯದು, ಅದು ಅವರ ಕಣ್ಣಿಗೆ ಬೀಳಲಿಲ್ಲ. ಪಂಪ್ ಚಾಲೂ ಮಾಡಿದರು, ಫ್ಲಾಂಜ್ ಸೋರಿತು, ಸ್ಫೋಟವಾಯಿತು.

ಇದನ್ನೇ ಡೆಮೊದಲ್ಲಿ ಮಾಡಿ ನೋಡಿ. ಒಂದೇ ಪಂಪಿಗೆ ಎರಡು ಪರ್ಮಿಟ್ ತೆಗೆಯಿರಿ: ಒಂದು ಪಂಪ್ ರಿಪೇರಿಗೆ, ಇನ್ನೊಂದು ಅದರ ಸೇಫ್ಟಿ ವಾಲ್ವಿಗೆ. ಮೊದಲನೆಯದನ್ನು ಕೆಲಸ ಮುಗಿಯಿತೆಂದು ಮುಚ್ಚಿ. ಆಗ ಪಂಪ್ ‘ಚಾಲನೆಗೆ ಸಿದ್ಧ’ ಎಂದು ಬಂದರೆ ಆ ಸರಕನ್ನು ಅಲ್ಲಿಗೇ ಬಿಡಿ. ಎರಡನೆಯ ಪರೀಕ್ಷೆ: ಶಿಫ್ಟ್ ಮುಗಿದಾಗ ಪರ್ಮಿಟ್ ತಾನಾಗಿ ನಿಲ್ಲಬೇಕು, ಬರುವವರು, ಹೋಗುವವರು ಇಬ್ಬರೂ ಯಂತ್ರದ ಬಳಿಯೇ ಸಹಿ ಮಾಡಿದ ಮೇಲಷ್ಟೇ ಮುಂದುವರಿಯಬೇಕು. ಅದಕ್ಕಾಗಿ ಯಂತ್ರದ ಮೇಲೆ ಕ್ಯೂಆರ್ ಫಲಕ ಬೇಕು, ಇಲ್ಲದಿದ್ದರೆ ಆಫೀಸಿನ ಕುರ್ಚಿಯಿಂದಲೇ ಸಹಿ ಬೀಳುತ್ತದೆ. ಮೂರನೆಯದು: ಕೆಲಸದ ವೇಳೆ ಯಂತ್ರ ಚಾಲೂ ಆಗದಂತೆ ಹಾಕಿದ ಬೀಗಗಳ ನಂಬರು ಪರ್ಮಿಟ್‌ನಲ್ಲಿರಬೇಕು. ಬೀಗ ಹಾಕಿದ ಮೇಲೆ ಸ್ವಿಚ್ ಒತ್ತಿ ಮೋಟಾರ್ ತಿರುಗುವುದಿಲ್ಲವೆಂದು ನೋಡಿದವರಾರು ಎಂಬುದೂ ಇರಬೇಕು. ಒಂದೇ ಒಂದು ಬೀಗ ವಾಪಸಾಗದಿದ್ದರೂ ಪರ್ಮಿಟ್ ಮುಚ್ಚಬಾರದು.

ಕೊಳ್ಳುವ ಮುಂಚಿನ ಕೆಲಸವೇ ದೊಡ್ಡದು. ಪಂಪ್, ವಾಲ್ವ್, ಮೋಟಾರ್ ಫೀಡರ್ (ಮೋಟಾರಿಗೆ ವಿದ್ಯುತ್ ಕೊಡುವ ಲೈನು) ಎಲ್ಲಕ್ಕೂ ಒಂದೊಂದೇ ನಂಬರು ಕೊಟ್ಟು, ಯಾವುದು ಯಾವುದಕ್ಕೆ ಸೇರಿದ್ದು ಎಂದು ಪಟ್ಟಿ ಮಾಡಿಸಿ. ಹೆಸರನ್ನು ಕೈಯಿಂದ ಟೈಪ್ ಮಾಡಲು ಬಿಟ್ಟರೆ ಒಂದೇ ಪಂಪ್ ‘ಪಿ2’, ‘ಪಂಪ್ 2’, ‘ಫೀಡ್ ಪಂಪ್’ ಎಂದು ಮೂರಾಗುತ್ತದೆ. ಆಮೇಲೆ ಎಂಥ ಸಾಫ್ಟ್‌ವೇರಿಗೂ ಎರಡು ಪರ್ಮಿಟ್ ಒಂದೇ ಯಂತ್ರದ್ದೆಂದು ತಿಳಿಯದು. ಈ ಪಟ್ಟಿಯನ್ನು ಮಾರುವವರು ಮಾಡಿಕೊಡುವುದಿಲ್ಲ, ನಿಮ್ಮ ಮೆಂಟೆನೆನ್ಸ್‌ನವರೇ ಕೂರಬೇಕು.

ಪ್ರಶ್ನೆ: ಇಟಿಪಿ (ಕಾರ್ಖಾನೆಯ ಕೊಳಚೆ ನೀರು ಶುದ್ಧೀಕರಿಸುವ ಘಟಕ) ಟ್ಯಾಂಕಿಗೆ ಇಳಿಯುವ ಪರ್ಮಿಟ್‌ನಲ್ಲಿ ಗ್ಯಾಸ್ ರೀಡಿಂಗ್ ಯಾವಾಗಲೂ 20.9, 0, 0, 0 ಎಂದೇ ಇರುತ್ತದೆ. ಅನುಮಾನ ಪಡಬೇಕೇ? (ಬೈಕಂಪಾಡಿ)

ಉತ್ತರ: ಪಡಲೇಬೇಕು. 20.9 ಹೊರಗಿನ ಗಾಳಿಯಲ್ಲಿರುವ ಆಮ್ಲಜನಕದ ಶೇಕಡಾವಾರು, ಸೊನ್ನೆಗಳು ಉರಿಯುವ ಅನಿಲ, ವಿಷಾನಿಲಗಳವು. ಮ್ಯಾನ್‌ಹೋಲಿನ ಆಚೆ ನಿಂತು ಮೀಟರ್ ಹಿಡಿದರೂ ಅದೇ ಬರುತ್ತದೆ, ನಿನ್ನೆಯ ಪರ್ಮಿಟ್ ನಕಲು ಮಾಡಿದರೂ ಅದೇ. ಮೊದಲು ‘ಹಿಂದಿನದನ್ನು ನಕಲಿಸು’ ಗುಂಡಿಯನ್ನು ತೆಗೆಸಿ. ಮೇಲೆ, ನಡುವೆ, ತಳದಲ್ಲಿ ಎಂದು ಮೂರು ರೀಡಿಂಗಿಗೆ ಬೇರೆ ಬೇರೆ ಖಾನೆ ಇಡಿಸಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಮೀಥೇನ್ ಹಗುರ. ಒಂದೇ ಕಡೆ ನೋಡಿದರೆ ಇನ್ನೊಂದು ತಪ್ಪಿಹೋಗುತ್ತದೆ.

ಅನುಕ್ರಮವೂ ಮುಖ್ಯ: ಆಮ್ಲಜನಕ, ಆಮೇಲೆ ಉರಿಯುವ ಅನಿಲ, ಕಡೆಗೆ ವಿಷಾನಿಲ. ಉರಿಯುವ ಅನಿಲವನ್ನು ಅಳೆಯುವ ಸಾಮಾನ್ಯ ಸೆನ್ಸರಿಗೆ ಆಮ್ಲಜನಕವೇ ಬೇಕು. ಅದು ಕಡಿಮೆಯಿದ್ದಲ್ಲಿ ಸೆನ್ಸರ್ ಸುಳ್ಳು ಹೇಳುತ್ತದೆ. ಆಮ್ಲಜನಕ 19.5ರಿಂದ 23.5ರ ಒಳಗಿಲ್ಲದಿದ್ದರೆ, ಉರಿಯುವ ಅನಿಲ ಸ್ಫೋಟ ಮಿತಿಯ (ಗಾಳಿಯಲ್ಲಿ ಅದು ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ) ಶೇ 10 ಮುಟ್ಟಿದರೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ) ಆದರೆ ಸಹಿಯ ಗುಂಡಿಯೇ ಕಾಣಬಾರದು. ‘ಮ್ಯಾನೇಜರ್ ಒಪ್ಪಿಗೆ’ ಎಂಬ ಹಿಂಬಾಗಿಲೂ ಬೇಡ. ‘ಕೊಳೆತ ಮೊಟ್ಟೆ ವಾಸನೆ ಬರುತ್ತಿಲ್ಲ, ಇಳಿಯಬಹುದು’ ಎನ್ನುವವರಿದ್ದಾರೆ: 100 ಪಿಪಿಎಂ ಹೊತ್ತಿಗೆ ಆ ಅನಿಲ ಮೂಗನ್ನೇ ಸಾಯಿಸಿರುತ್ತದೆ.

ಕೆಸರು ಕದಡಿದರೆ ಅನಿಲ ಮತ್ತೆ ಏಳುತ್ತದೆ. ಹಾಗಾಗಿ ಬೆಳಗಿನ ರೀಡಿಂಗ್ ಮಧ್ಯಾಹ್ನಕ್ಕೆ ನಡೆಯದು. ಇಳಿದವನ ಮೈಮೇಲೆ ಮೀಟರ್ ಇರಲಿ, ಊಟದ ಬಿಡುವಿನ ನಂತರ ಹೊಸ ರೀಡಿಂಗ್ ಹಾಕದೆ ಪರ್ಮಿಟ್ ತೆರೆಯದಿರಲಿ. ಒಳಗೆ ಒಯ್ಯುವ ದೀಪ 24 ವೋಲ್ಟ್ ಮೀರಬಾರದೆಂಬುದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂದ ಮಾತು, ಅದಕ್ಕೂ ಒಂದು ಖಾನೆ ಬೇಕು.

ಸಾಫ್ಟ್‌ವೇರ್ ನಿಜಕ್ಕೂ ಕಾಗದವನ್ನು ಮೀರಿಸುವುದು ಇನ್ನೊಂದು ಕಡೆ. ಹೊರಗೆ ಕಾಯುವವನ ಹೆಸರು ಅದೇ ಹೊತ್ತಿನಲ್ಲಿ ಬೇರೊಂದು ಪರ್ಮಿಟ್‌ನಲ್ಲಿದ್ದರೆ ಅದು ಥಟ್ಟನೆ ಹಿಡಿಯಬಲ್ಲದು. ಕಾಯುವವ ಇಲ್ಲದಿದ್ದಾಗಲೇ ಬಿದ್ದವನನ್ನು ಎತ್ತಲು ಜೊತೆಯವರು ಹಾಗೇ ಇಳಿದು ಒಬ್ಬರ ಮೇಲೊಬ್ಬರು ಸಾಯುವುದು. ಟ್ರೈಪಾಡ್, ಹಗ್ಗ, ಹಾರ್ನೆಸ್ ಮ್ಯಾನ್‌ಹೋಲಿನ ಮೇಲೆ ಸಜ್ಜಾಗಿರುವ ಫೋಟೊ ಇಲ್ಲದೆ ಪರ್ಮಿಟ್ ಕೊಡಬೇಡಿ.

ಪ್ರಶ್ನೆ: ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ದಾಖಲಿಸಲು ಆ್ಯಪ್ ತಂದು ಆರು ತಿಂಗಳಾಯಿತು. ಸೂಪರ್‌ವೈಸರ್‌ಗಳು ಬಿಟ್ಟು ಯಾರೂ ಬರೆಯುತ್ತಿಲ್ಲ. (ಪೀಣ್ಯ)

ಉತ್ತರ: ಲಾಗಿನ್, ಪಾಸ್‌ವರ್ಡ್, ಇಂಗ್ಲಿಷಿನಲ್ಲಿ ಹದಿನೈದು ಖಾನೆ ಇಟ್ಟರೆ ಕ್ರೇನ್ ಕೆಳಗಿನ ಗುತ್ತಿಗೆ ಹುಡುಗ ಏನು ಬರೆದಾನು? ಜಾಗದ ಕ್ಯೂಆರ್, ಒಂದು ಫೋಟೊ, ಕನ್ನಡದಲ್ಲೋ ಹಿಂದಿಯಲ್ಲೋ ಒಡಿಯಾದಲ್ಲೋ ಅರ್ಧ ನಿಮಿಷದ ಧ್ವನಿ ಸಾಕು. ಹೆಸರು ಬೇಕಿಲ್ಲ. ‘ಅಪಘಾತವಿಲ್ಲದ ದಿನ’ಗಳಿಗೆ ಬೋನಸ್ ಕೊಡುತ್ತಿದ್ದರೆ ನಿಲ್ಲಿಸಿ, ಅದು ಬಾಯಿ ಮುಚ್ಚಿಸಲು ಕೊಟ್ಟ ದುಡ್ಡು. ಬಂದ ದೂರಿಗೆ ಏನು ಮಾಡಿದಿರೆಂದು ಎರಡು ದಿನದೊಳಗೆ ಅದೇ ಜಾಗದಲ್ಲಿ ಚೀಟಿ ಅಂಟಿಸಿ.

ಪ್ರಶ್ನೆ: ಸಾಲ್ವೆಂಟ್ (ಬೇಗ ಹೊತ್ತಿಕೊಳ್ಳುವ ದ್ರಾವಕ) ಗೋದಾಮಿನಲ್ಲಿ ಪರ್ಮಿಟ್‌ಗಾಗಿ ಮೊಬೈಲ್ ಬಳಸಬಹುದೇ? (ಜಿಗಣಿ)

ಉತ್ತರ: ಸಾಮಾನ್ಯ ಫೋನ್ ಬೇಡವೇ ಬೇಡ. ಆ ವಲಯಕ್ಕೆ ಪ್ರಮಾಣಪತ್ರವಿರುವ ಕಿಡಿರಹಿತ ಸಾಧನ ಮಾತ್ರ, ಚಾರ್ಜಿಂಗ್ ಹೊರಗೆ. ಕಾಂಕ್ರೀಟ್ ಗೋಡೆಗಳ ನಡುವೆ ನೆಟ್‌ವರ್ಕ್ ಸಿಗುವುದು ಕಷ್ಟ. ಸಂಪರ್ಕವಿಲ್ಲದಾಗ ಆ ಸಾಧನ ಹಳೆಯ ಪರ್ಮಿಟ್ ಪಟ್ಟಿಯನ್ನೇ ಹಸಿರಾಗಿ ತೋರಿಸುತ್ತದೋ, ‘ಮಾಹಿತಿ ಹಳತು’ ಎನ್ನುತ್ತದೋ, ಕೊಳ್ಳುವ ಮುಂಚೆ ಸಿಮ್ ತೆಗೆದು ನೋಡಿ.